ಬಾಗಿನ ಹೊತ್ತ ಹಲಗೆ

"ನೀರಿನ ಮ್ಯಾಲೆ ನಿಂತ್ಕಂಡು ಓಯ್ತೀಯಾ? ಅದ್ಯಾಕ್ ಮಗ, ಕುಂತ್ಕಂಡು ಓಗಕ್ಕೆ ಏನ್ ದಾಡಿ ನಿಂಗೆ?"

ಪ್ಯಾಡಲ್ ಬೋರ್ಡ್ ಕಲಿಯುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದಾಗ ಅವ್ವ ಕೇಳಿದ ಮೊದಲ ಪ್ರಶ್ನೆ ಇದು. ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಆಗ ನನಗೂ ಗೊತ್ತಿರಲಿಲ್ಲ.

ನಮ್ಮೂರು ಬಿಂಡಿಗನವಿಲೆಯ ಕಡೆಯದು. ಮಳೆ ನಂಬಿದ ಊರು. ಮಳೆ ಬಂದರೆ ರಾಗಿ, ಹುರುಳಿ; ಕೈಕೊಟ್ಟರೆ ಕುರಿ. ಈಜು ಬಲ್ಲವನು ಇಡೀ ಊರಿಗೆ ಒಬ್ಬನೇ ಇದ್ದ, ಅವನೂ ಬಾವಿಯಲ್ಲಿ ಕಲಿತವನು. ಕೆರೆಯೊಂದಿದೆ, ದೊಡ್ಡದೇ. ಆದರೆ ನಾನು ಕಂಡಂತೆ ಅದು ನೀರು ನಿಲ್ಲುವ ಜಾಗವಲ್ಲ, ಕುರಿ ಮೇಯುವ ಜಾಗ. ಒಳಗೆಲ್ಲ ಜಾಲಿ ಬೆಳೆದಿತ್ತು, ನಡುವೆ ಒಂದು ಚಪ್ಪಟೆ ಬಂಡೆ. ಕುರಿ ಬಿಟ್ಟುಕೊಂಡು ಆ ಬಂಡೆಯ ಮೇಲೆ ಕೂತೇ ನಾನು ಎಸ್ಸೆಸ್ಸೆಲ್ಸಿಗೆ ಓದಿದೆ, ಪಿಯುಸಿಗೆ ಓದಿದೆ. ಆಮೇಲೆ ದಿನಾ ಬಸ್ಸು ಹಿಡಿದು ನಾಗಮಂಗಲದ ಕಾಲೇಜಿಗೆ ಹೋಗುವಾಗಲೂ ಭಾನುವಾರದ ಓದು ಅಲ್ಲೇ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ನಾನು ಹೇಳಿಕೊಳ್ಳುತ್ತೇನೆ, ಸಂಕೋಚವಿಲ್ಲ. ಯಾರೂ ಕರೆದು ಕೊಟ್ಟದ್ದಲ್ಲ ಅದು.

ಈಗ ಮದುವೆಯಾಗಿ ಪಾಂಡವಪುರದಲ್ಲಿದ್ದೇನೆ, ಇಲ್ಲಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಇದು ನಾಲೆ ಸೀಮೆ. ಇಲ್ಲಿಯವರಿಗೆ ನಮ್ಮ ಕಡೆಯವರೆಂದರೆ ಸ್ವಲ್ಪ ತಮಾಷೆ. "ನಿಮ್ ಕಡೆ ನೀರು ಅಂದ್ರೆ ಬಿಂದಿಗೇಲಿ ಇರೋದು ಮಾತ್ರ ಅಲ್ವಾ ಮಿಸ್?" ಎಂದು ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ಹಾಗೆ ಕೇಳುವವರಲ್ಲಿ ಮೊದಲಿಗಳು ನಮ್ಮ ಶಾಲೆಯ ಪಿ.ಟಿ. ಮಿಸ್. ಅವಳು ಶ್ರೀರಂಗಪಟ್ಟಣದವಳು; ನಡೆಯಲು ಕಲಿಯುವ ಮೊದಲೇ ಕಾವೇರಿಯಲ್ಲಿ ಮುಳುಗಿ ಎದ್ದವಳು. ಅವಳೇ ಎಲ್ಲಿಂದಲೋ ಗಾಳಿ ತುಂಬುವ ಒಂದು ಹಲಗೆ ತರಿಸಿಕೊಂಡಿದ್ದಳು. ಮಡಚಿದರೆ ಚೀಲದೊಳಗೆ ಹಾಸಿಗೆ ಸುರುಳಿಯಂತೆ ಕೂರುತ್ತದೆ. ಪಂಪಿನಲ್ಲಿ ಗಾಳಿ ಹೊಡೆದರೆ ಬಾಗಿಲಿನಷ್ಟು ಗಟ್ಟಿಯಾಗುತ್ತದೆ, ಬಾಗಿಲಿಗಿಂತ ಉದ್ದ. ಅದರ ಮೇಲೆ ನಿಂತು, ಆಳುದ್ದದ ಹುಟ್ಟು ಹಾಕುತ್ತಾ ಹೋಗುವುದು. ಇಷ್ಟೇ ಆಟ.

ದಸರಾ ರಜೆಯಲ್ಲಿ ಒಂದು ಬೆಳಿಗ್ಗೆ ನನ್ನನ್ನು ತೊಣ್ಣೂರು ಕೆರೆಗೆ ಎಳೆದುಕೊಂಡು ಹೋದಳು.

ಮಳೆಗಾಲ ಕಳೆದ ಮೇಲಿನ ತೊಣ್ಣೂರು ಕೆರೆಯನ್ನು ನೋಡಬೇಕು. ನೀರು ತಿಳಿಯಾಗಿ, ದಡದ ಹತ್ತಿರ ತಳದ ಕಲ್ಲುಗಳೆಲ್ಲ ಕಾಣುತ್ತಿರುತ್ತವೆ. ಸುತ್ತ ಬೆಟ್ಟ, ಬೆಟ್ಟದ ನೆತ್ತಿಯ ಮೇಲೆ ಹಿಂಜಿದ ಹತ್ತಿಯಂಥ ಮೋಡ. ಬೆಳಗಿನ ಹೊತ್ತು ಗಾಳಿಯೇ ಇರುವುದಿಲ್ಲ. ಇದೆಲ್ಲ ದಡದಲ್ಲಿ ನಿಂತವರಿಗೆ. ಹಲಗೆಯ ಮೇಲಿದ್ದ ನನಗೆ ಕಂಡದ್ದು ನನ್ನ ನಡುಗುವ ಎರಡು ಮಂಡಿ ಮಾತ್ರ.

"ಮಿಸ್, ಕಾಲು ನೋಡ್ಬೇಡಿ, ಬೆಟ್ಟ ನೋಡಿ!" ಎಂದು ಅವಳು ಕೂಗಿದಳು.

ಬೆಟ್ಟ ನೋಡಿದೆ. ಬಿದ್ದೆ. ಲೈಫ್ ಜಾಕೆಟ್ಟು ನನ್ನನ್ನು ಬೆಂಡಿನಂತೆ ಮೇಲಕ್ಕೆ ತಂದಿತು. ಕಾಲಿಗೂ ಹಲಗೆಗೂ ನಡುವೆ ಒಂದು ಸುರುಳಿ ಹಗ್ಗ ಕಟ್ಟಿರುತ್ತಾರೆ, ಬಿದ್ದರೆ ಹಲಗೆ ದೂರ ಹೋಗದಿರಲೆಂದು. ಆ ಹಗ್ಗ ಹಿಡಿದು ಎಳೆದುಕೊಂಡಾಗ ನನಗೆ ನಮ್ಮ ಮನೆಯ ಗೂಟದ ಟಗರು ನೆನಪಾಯಿತು. ಅಂತೂ ಹಗ್ಗ ಕಟ್ಟಿಸಿಕೊಳ್ಳುವ ಸರದಿ ನನ್ನದಾಯಿತು ಎಂದುಕೊಂಡೆ.

"ನಿಮ್ಮೂರಲ್ಲಿ ಇಷ್ಟು ನೀರು ಒಟ್ಟಿಗೆ ನೋಡಿದ್ರಾ ಮಿಸ್?" ಎಂದಳು ಅವಳು.

"ಕುಡಿದಿರಲಿಲ್ಲ, ಈಗ ಕುಡಿದೆ," ಎಂದೆ.

ಬಿದ್ದು ಬಿದ್ದು ಕಲಿತೆ. ನನಗೆ ಅದು ಹೊಸದಲ್ಲ. ನಾನು ಕಲಿತದ್ದೆಲ್ಲ ಹಾಗೆಯೇ. ಮೊದಲು ಮಂಡಿಯೂರಿ ಕೂರಬೇಕು. ಹಲಗೆ ಒಂದು ಹದಕ್ಕೆ ಬಂದ ಮೇಲೆ ಒಂದು ಪಾದ, ಆಮೇಲೆ ಇನ್ನೊಂದು. ನಿಂತ ಮೇಲೆ ಮಂಡಿ ಸ್ವಲ್ಪ ಸಡಿಲವಿರಬೇಕು, ರಾಗಿ ತೆನೆ ಕೊಯ್ಯುವವರ ಹಾಗೆ. ಹೀಗೆ ಅಂದುಕೊಂಡ ದಿನ ನಿಂತೇಬಿಟ್ಟೆ. ನಿಂತು ಹೋಗುವುದರಲ್ಲಿ ಏನಿದೆ ಎಂಬುದೂ ಅವತ್ತೇ ತಿಳಿಯಿತು. ಕೂತರೆ ನೀರು ಎದುರಿಗೆ ಮಾತ್ರ ಇರುತ್ತದೆ. ನಿಂತರೆ ಕೆಳಗಿನ ಮೀನೂ ಕಾಣುತ್ತದೆ, ಆಚೆ ದಡದ ಎಮ್ಮೆಯೂ ಕಾಣುತ್ತದೆ.

ದೀಪಾವಳಿಗೆ ಅವ್ವ ನಮ್ಮ ಮನೆಗೆ ಬಂದಳು. ಊರಿನಲ್ಲಿ ನನ್ನ ಅಣ್ಣನ ಸಂಸಾರದ ಜೊತೆ ಇರುವವಳು, ಹಬ್ಬಕ್ಕೆ ಬಂದರೆ ಒಂದು ವಾರ ಇದ್ದು ನಮ್ಮ ಅಡುಗೆಮನೆಯ ಡಬ್ಬಗಳ ಜಾಗವನ್ನೆಲ್ಲ ಬದಲಾಯಿಸಿ ಹೋಗುತ್ತಾಳೆ. ಅವಳನ್ನು ಕೆರೆಗೆ ಕರೆದುಕೊಂಡು ಹೋದೆ. ತಲೆಗೆ ಟವೆಲ್ಲು ಸುತ್ತಿಕೊಂಡು ದಡದ ಕಲ್ಲಿನ ಮೇಲೆ ಕೂತಳು. ನಾನು ಹಲಗೆ ನೀರಿಗಿಟ್ಟು ಕಾಲಿಡಲು ಹೋದೆ.

"ಲೇ, ನಿಲ್ಲು! ಎಂಗೆ ಓಯ್ತಾ ಇದೀಯೆ? ಗಂಗವ್ವನ ನೆತ್ತಿ ಮ್ಯಾಲೆ ಕಾಲಿಕ್ಕ್ತಾ ಇದೀಯ, ಒಂದ್ ಮಾತು ಕೇಳ್ದೆ?"

"ದೋಣೀಲಿ ಹೋಗೋರು ಕೇಳ್ತಾರಾ ಅವ್ವ?"

"ಅವ್ರು ಕುಂತ್ಕಂಡು ಓಯ್ತಾರೆ. ಕುಂತೋರ್ದು ಒಂದು ನ್ಯಾಯ, ನಿಂತೋರ್ದು ಒಂದು ನ್ಯಾಯ. ಮೊದ್ಲು ಮಂಡಿ ಊರು. ನೀರು ಕಣ್ಣಿಗೊತ್ಕೊ. ಆಮ್ಯಾಲೆ ಎದ್ದು ನಿಲ್ಲು."

ಪಿ.ಟಿ. ಮಿಸ್ ಕೈ ತಟ್ಟಿದಳು. "ನಾನು ತಿಂಗಳಿಂದ ಹೇಳ್ತಿರೋದೂ ಅದೇ ಕಣಮ್ಮ, ಮೊದ್ಲು ಮಂಡಿ ಊರಿ ಅಂತ. ನಿಮ್ಮ ಮಗಳು ಆತುರಗಾರ್ತಿ."

"ಉಟ್ಟಿದ್ದೇ ಆತುರಕ್ಕೆ," ಎಂದಳು ಅವ್ವ. "ಕಣದಲ್ಲಿ ಉಟ್ಟೋಳು ಇವ್ಳು. ಮನೆ ಸೇರ್ಕಳಗಂಟ ತಡೀನಿಲ್ಲ."

ಅಂದಿನಿಂದ ನಾನು ನೀರು ಕಣ್ಣಿಗೊತ್ತಿಕೊಳ್ಳದೆ ಏಳುವುದಿಲ್ಲ. ಭಕ್ತಿಯೋ ಅಭ್ಯಾಸವೋ ಕೇಳಬೇಡಿ. ಹಾಗೆ ಮಾಡಲು ಶುರು ಮಾಡಿದ ಮೇಲೆ ಬೀಳುವುದು ಕಡಿಮೆಯಾಯಿತು.

ಈ ಸಲ ಕಾರ್ತಿಕದಲ್ಲಿ ಮಳೆ ನಿಲ್ಲಲೇ ಇಲ್ಲ. ನಮ್ಮೂರ ಕಡೆ ಹಿಡಿದ ಮಳೆ ಹಗಲೂ ರಾತ್ರಿ ಸುರಿಯಿತು. ಒಂದು ಸಂಜೆ ಅಣ್ಣ ಫೋನು ಮಾಡಿದ. ದನಿ ನಡುಗುತ್ತಿತ್ತು, ಯಾರಿಗೆ ಏನಾಯಿತೋ ಎಂದು ನಾನು ಗಾಬರಿಬಿದ್ದೆ.

"ಕೆರೆ ಕೋಡಿ ಬಿತ್ತು ಕಣವ್ವ!"

ಕೋಡಿ ಬೀಳುವುದೆಂದರೆ ಕೆರೆ ತುಂಬಿ, ಮೂಲೆಯ ಕಲ್ಲುಕಟ್ಟೆಯ ಮೇಲೆ ಹೆಚ್ಚಿನ ನೀರು ಹರಿದುಹೋಗುವುದು. ನಮ್ಮ ಕೆರೆ ಹಾಗೆ ಹರಿದದ್ದನ್ನು ನಾನು ಕಂಡಿರಲಿಲ್ಲ, ಅಣ್ಣನೂ ಕಂಡಿರಲಿಲ್ಲ. ಕಂಡವಳು ಅವ್ವ. ಕಂಡದ್ದಷ್ಟೇ ಅಲ್ಲ, ಆ ಕೋಡಿಯ ಕತೆಯಲ್ಲಿ ಅವಳದ್ದೊಂದು ಪಾಲಿತ್ತು. ಅದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಕೆರೆ ಕೋಡಿ ಬಿದ್ದರೆ ನಮ್ಮಲ್ಲಿ ಮುತ್ತೈದೆಯರು ಗಂಗವ್ವನಿಗೆ ಬಾಗಿನ ಕೊಡುತ್ತಾರೆ. ಒಂದು ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಅರಿಸಿನದ ಕೊಂಬು, ಗಾಜಿನ ಬಳೆ, ರವಿಕೆ ಕಣ ಇಟ್ಟು, ಮೇಲೊಂದು ಮೊರ ಮುಚ್ಚಿ ದಾರ ಸುತ್ತಿ, ಕೆರೆಯ ನಡುವೆ ಬಿಡಬೇಕು. ಅದು ಅಲ್ಲೇ ಮುಳುಗಿದರೆ ಗಂಗವ್ವ ಇಸಿದುಕೊಂಡಳು ಅಂತ. ದಡಕ್ಕೆ ವಾಪಸ್ಸು ಬಂದರೆ ಇಸಿದುಕೊಳ್ಳಲಿಲ್ಲ ಅಂತ. ಅವ್ವ ಮದುವೆಯಾಗಿ ಬಂದ ಹೊಸದರಲ್ಲಿ ಕೆರೆ ತುಂಬಿತ್ತು. ಅವಳೂ ಬಾಗಿನ ಕೊಟ್ಟಳು. ಊರಿನಲ್ಲಿ ಈಜು ಬಲ್ಲ ಆ ಒಬ್ಬನೇ ಮನುಷ್ಯ ನಡುವಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಎಲ್ಲರ ಬಾಗಿನವನ್ನೂ ಒಂದೊಂದಾಗಿ ನಡುನೀರಿಗೆ ಸಾಗಿಸಿ ಬಿಟ್ಟುಬಂದ. ಹೆಂಗಸರು ಏರಿ ಇಳಿದು ಮನೆ ಸೇರುವ ಮೊದಲೇ ಒಂದು ಬಾಗಿನ ತೇಲುತ್ತಾ ಬಟ್ಟೆ ಒಗೆಯುವ ಕಲ್ಲಿಗೆ ಬಂದು ತಗುಲಿಕೊಂಡಿತ್ತು. ಕೆಂಪು ಅಂಚಿನ ರವಿಕೆ ಕಣ ಹೊರಗಿಣುಕುತ್ತಿತ್ತು. ಅದು ಅವ್ವನದು.

ಆಮೇಲೆ ಕೆರೆ ತುಂಬಲೇ ಇಲ್ಲ. ಯಾರೂ ಜಗಳವಾಡಲಿಲ್ಲ, ಬಯ್ಯಲಿಲ್ಲ. ನಗುತ್ತಲೇ ಹೇಳಿದರು. ಮಳೆ ತಪ್ಪಿದಾಗಲೆಲ್ಲ ಯಾರಾದರೊಬ್ಬರು, "ನಿನ್ ಬಾಗಿನ ಒಂದು ಗಂಗವ್ವಂಗೆ ಇಡಿಸ್ನಿಲ್ಲ ನೋಡು," ಎನ್ನುವರು. ಅವ್ವನೂ ನಗುವಳು. ಆದರೆ ಅವಳು ಕೆರೆ ಏರಿಯ ಮೇಲೆ ನಡೆದದ್ದನ್ನು ನಾನು ನೋಡಿಲ್ಲ. ಹೊಲಕ್ಕೆ ಹೋಗಲು ಏರಿಯೇ ಹತ್ತಿರದ ದಾರಿ. ಅವಳು ಸುತ್ತುಬಳಸಿ ಹೋಗುವಳು, "ಅಲ್ಲಿ ಮುಳ್ಳು ಜಾಸ್ತಿ," ಎನ್ನುವಳು.

ಈಗ ಕೆರೆ ತುಂಬಿದೆ, ಬಾಗಿನ ಕೊಡಬೇಕು, ಕೊಂಡೊಯ್ಯುವವರು ಯಾರು? ಸೋರೆಬುರುಡೆ ಕಟ್ಟಿಕೊಂಡಿದ್ದವನು ಈಗ ತಾತ, ಕೋಲೂರಿ ನಡೆಯುತ್ತಾನೆ. ತೆಪ್ಪವಿಲ್ಲ, ನೀರೇ ಇಲ್ಲದ ಊರಿನಲ್ಲಿ ತೆಪ್ಪ ಯಾರಿಟ್ಟಾರು? ಆಗ ಅಣ್ಣನ ಹೆಂಡತಿ ನನ್ನ ಹಲಗೆಯ ಫೋಟೋವನ್ನು ಹೆಂಗಸರಿಗೆಲ್ಲ ತೋರಿಸಿದಳಂತೆ.

ಫೋನು ಅವ್ವನ ಕೈಗೆ ಹೋಯಿತು. ಅವಳು ಹೇಳಿದಳು. "ನೀನು ತಗಂಡೋಯ್ತೀಯಾ ಮಗ? ನಡೂಕ್ ಓಗಿ ಬುಡ್ಬೇಕು. ವಾಪಸ್ ಬರ್ಬಾರ್ದು. ನಾನಂತೂ ಈಗ ಕೊಡಂಗಿಲ್ಲ, ಬುಡು. ಊರೋರ್ದಾದ್ರೂ ನೆಟ್ಟಗೆ ಓಗ್ಲಿ."

ಅಪ್ಪ ಹೋದ ಮೇಲೆ ಅವ್ವ ಬಾಗಿನ ಕೊಡುವವರ ಸಾಲಿನಲ್ಲಿ ಇಲ್ಲ. ಅವಳಿಗೆ ತನ್ನ ಲೆಕ್ಕ ಸರಿಮಾಡಿಕೊಳ್ಳಲು ಇನ್ನೊಂದು ಅವಕಾಶವಿರಲಿಲ್ಲ. ನಾನು ಬರುತ್ತೇನೆ ಎಂದೆ.

ಪಿ.ಟಿ. ಮಿಸ್ಸಿನ ಮನೆಯಲ್ಲಿ ಏನೋ ಕಾರ್ಯವಿತ್ತು, ಬರಲಾಗಲಿಲ್ಲ. ಹಲಗೆಯ ಚೀಲ, ಪಂಪು, ಎರಡು ಲೈಫ್ ಜಾಕೆಟ್ಟು ಕೊಟ್ಟು, "ಕೋಡಿ ಹತ್ರ ಮಾತ್ರ ಹೋಗ್ಬೇಡಿ. ಬೆಳಿಗ್ಗೆನೇ ಮುಗಿಸಿ. ಬಿಸಿಲು ಏರಿದ್ರೆ ಗಾಳಿ ಏಳುತ್ತೆ. ಗಾಳಿ ಎದ್ರೆ ಕೂತ್ಬಿಡಿ, ನಿಮ್ಮ ಹಟ ಬೇಡ," ಎಂದಳು.

ನಾಗಮಂಗಲದ ಬಸ್ಸಿನಲ್ಲಿ ಕಂಡಕ್ಟರು ಚೀಲವನ್ನು ಬೆರಳಿನಿಂದ ಒತ್ತಿ ನೋಡಿದ. "ಏನಮ್ಮ ಇದು, ಹಾಸಿಗೆನಾ?"

"ದೋಣಿ."

"ಬಿಂಡಿಗನವಿಲೆಗೆ?"

"ಹೂಂ."

ಅವನು ನನ್ನ ಮುಖ ನೋಡಿದ, ಚೀಲ ನೋಡಿದ, ಲಗೇಜ್ ಟಿಕೆಟ್ಟನ್ನೂ ಹರಿಯದೆ ಮುಂದಕ್ಕೆ ಹೋದ. ತಲೆ ಕೆಟ್ಟವರ ಹತ್ತಿರ ಮಾತೇಕೆ ಎಂದುಕೊಂಡಿರಬೇಕು.

ಮಾರನೆಯ ಬೆಳಿಗ್ಗೆ ಚಳಿ ಇತ್ತು. ಕೆರೆಯ ಮೇಲೆ ಮಂಜು ಹಬೆಯಂತೆ ಏಳುತ್ತಿತ್ತು. ನಾನು ಓಡಾಡಿದ ಬಯಲೆಲ್ಲ ನೀರಾಗಿತ್ತು. ಜಾಲಿ ಮರಗಳ ತುದಿ ಮಾತ್ರ ಅಲ್ಲಲ್ಲಿ ಮೇಲೆ. ನನ್ನ ಬಂಡೆ ಎಲ್ಲಿತ್ತೆಂದು ಅಂದಾಜು ಮಾಡಿದೆ: ಕೆರೆಯ ನಟ್ಟನಡುವೆ. ನಾನು ಪಂಪು ಹೊಡೆಯುತ್ತಿದ್ದರೆ ಊರೇ ಸುತ್ತ ನಿಂತಿತ್ತು. ಸುರುಳಿ ಬಿಚ್ಚಿಕೊಂಡು ಉಬ್ಬಿ ಉಬ್ಬಿ ಬಂದ ಹಲಗೆಯನ್ನು ಒಬ್ಬರಾದ ಮೇಲೊಬ್ಬರು ಗುದ್ದಿ ನೋಡಿದರು.

ಗಾಳಿ ಏಳುವುದರೊಳಗೆ ಮುಗಿಸಬೇಕಿತ್ತು. ಆದರೆ ನಮ್ಮೂರಿನಲ್ಲಿ ಪೂಜೆ ಇಲ್ಲದೆ ಹೊಸ ಸೈಕಲ್ಲೂ ಅಂಗಳ ದಾಟುವುದಿಲ್ಲ. ನನ್ನ ಚಿಕ್ಕಪ್ಪ, ಅಪ್ಪನ ತಮ್ಮ, ಊರಿಗೆ ಮೊದಲು ಟ್ರಾಕ್ಟರು ತಂದವನು. ಆಯುಧಪೂಜೆಯಲ್ಲಿ ಟ್ರಾಕ್ಟರು ಸಿಂಗರಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಅವನು ಹಲಗೆಗೆ ವಿಭೂತಿ ಬಳಿದ, ಅರಿಸಿನ ಕುಂಕುಮ ಹಚ್ಚಿದ, ಚೆಂಡುಹೂವಿನ ಹಾರ ಸುತ್ತಿದ. ಅಡಿಗೆ ನಿಂಬೆಹಣ್ಣು ಇಟ್ಟು, ಹತ್ತಿಸಿ ಒಡೆಯಲು ಹಲಗೆಗೆ ಚಕ್ರವೆಲ್ಲಿ ಎಂದು ಸ್ವಲ್ಪ ಹೊತ್ತು ಯೋಚಿಸಿದ. ಕೊನೆಗೆ ಮುಂದಿನ ಹಗ್ಗದ ಕೊಂಡಿಗಳಿಗೆ ಆಚೆಗೊಂದು ಈಚೆಗೊಂದು ಎದೆಮಟ್ಟದ ಬಾಳೆಕಂದು ನಿಲ್ಲಿಸಿ ಬಿಗಿದ.

"ಚಿಕ್ಕಪ್ಪ, ಇದು ಟ್ರಾಕ್ಟ್ರಲ್ಲ. ಭಾರ ಆಗುತ್ತೆ."

"ಸುಮ್ಕಿರು ಮಗ. ಬೋಳು ಹಲಗೆ ಮ್ಯಾಲೆ ಗಂಗವ್ವನ ಬಾಗಿನ ಓದ್ರೆ ಪಕ್ಕದೂರೋರು ಏನಂದಾರು?"

ಪೂಜೆ ಮುಗಿಯುವ ಹೊತ್ತಿಗೆ ಬಿಸಿಲು ಏರಿತ್ತು. ಬೀದಿಗೊಂದರಂತೆ ಬಾಗಿನಗಳು ಬಂದಿದ್ದವು. ಸೀರೆಯಲ್ಲೇ ಹೋಗಬೇಕೆಂದು ಹೆಂಗಸರು ಹಟ ಹಿಡಿದಿದ್ದರಿಂದ ಕಳೆ ಕೀಳುವವಳ ಹಾಗೆ ಸೀರೆ ಎತ್ತಿ ಕಟ್ಟಿ, ಮೇಲೆ ಲೈಫ್ ಜಾಕೆಟ್ಟು ಹಾಕಿಕೊಂಡೆ. ಮೊರಗಳನ್ನು ಮುಂದೆ ಜೋಡಿಸಿ ಹಲಗೆಯನ್ನು ನೀರಿಗೆ ತಳ್ಳಿದರೆ ಮೊರಗಳು ಆಚೆಗೊಮ್ಮೆ ಈಚೆಗೊಮ್ಮೆ ಜಾರಿದವು. ಹಿಡಿದುಕೊಳ್ಳಲು ಒಬ್ಬರು ಮುಂದೆ ಕೂರಲೇಬೇಕಿತ್ತು.

"ಯಾರ್ ಬರ್ತೀರಾ?" ಎಂದೆ.

ಅಷ್ಟು ಹೊತ್ತು ಹಲಗೆಯನ್ನು ಮುತ್ತಿಕೊಂಡಿದ್ದ ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು. ಒಬ್ಬಳಿಗೆ ತಲೆ ಸುತ್ತುತ್ತದಂತೆ. ಒಬ್ಬಳು ಒಲೆ ಮೇಲೆ ಹಾಲಿಟ್ಟು ಬಂದಿದ್ದಾಳಂತೆ. ಅಣ್ಣನ ಹೆಂಡತಿ, "ನಾನು ಫೋಟೋ ತೆಗೀಬೇಕಲ್ಲ," ಎಂದಳು.

ಆಗ ಹಿಂದಿನಿಂದ ಅವ್ವನ ದನಿ ಬಂತು. "ನಾನ್ ಕುಂತ್ಕತೀನಿ."

ಅವಳು ಏರಿಯ ಮೇಲೆ ನಿಂತಿದ್ದಳು. ಅವಳು ಏರಿ ಹತ್ತಿದ್ದು ಯಾವಾಗಲೋ, ಪೂಜೆಯ ಗಲಾಟೆಯಲ್ಲಿ ನಾನು ನೋಡಿರಲಿಲ್ಲ.

ನಮ್ಮ ದೊಡ್ಡಮ್ಮ, ಎಂದರೆ ಅಪ್ಪನ ಅಣ್ಣನ ಹೆಂಡತಿ, ಮುಂದೆ ಬಂದಳು. ಊರಿನ ಮುತ್ತೈದೆಯರಲ್ಲಿ ಹಿರಿಯಳು, ಕಾಸಿನಗಲ ಕುಂಕುಮ. ಬಟ್ಟೆ ಒಗೆಯುವ ಕಲ್ಲಿನ ಕತೆಯನ್ನು ಮಳೆ ತಪ್ಪಿದಾಗಲೆಲ್ಲ ತಪ್ಪದೆ ನೆನಪಿಸುತ್ತಿದ್ದವಳೂ ಅವಳೇ. "ಅದೆಂಗಾದದೆ? ಮುತ್ತೈದೇರ ಬಾಗಿನ ಅವ್ಳು ಮುಟ್ಟಂಗಿಲ್ಲ. ಅದೂ ಅವ್ಳು!"

"ಸರಿ ಕಣಕ್ಕ," ಎಂದಳು ಅವ್ವ, ಮೆಲ್ಲಗೆ. "ಅಂಗಾರೆ ನೀನೇ ಕುಂತ್ಕ ಬಾ."

ದೊಡ್ಡಮ್ಮ ಹಲಗೆ ನೋಡಿದಳು. ಹಲಗೆ ಸ್ವಲ್ಪ ಅಲ್ಲಾಡಿತು.

"ನಂಗೆ ಮಂಡಿ ನೋವು."

"ಮಂಡಿ ಊರದಿದ್ರೆ ಕಾಲು ಚಾಚ್ಕ, ಬಾ."

ಏರಿಯ ಮೇಲೆ ಕೋಲೂರಿ ನಿಂತಿದ್ದ ಈಜುಗಾರ ತಾತ ಬೊಚ್ಚುಬಾಯಲ್ಲಿ ನಕ್ಕ. "ಓಗವ್ವ, ಬುರುಡೆ ಬೇಕಾದ್ರೆ ನಾನ್ ಕಟ್ಟುಕೊಡ್ತೀನಿ!" ಎಲ್ಲರೂ ನಕ್ಕರು. ದೊಡ್ಡಮ್ಮ ಸೆರಗು ಕೊಡವಿದಳು. "ಇಡ್ಕಳಕ್ಕೆ ಮಾತ್ರ. ಬುಡೋದು ಮಗಳೇ ಬುಡ್ಬೇಕು. ಮುತ್ತೈದೆ ಅವ್ಳು."

"ಊಂ," ಎಂದಳು ಅವ್ವ.

ಲೈಫ್ ಜಾಕೆಟ್ಟು ಹಾಕಿದಾಗ, "ಎತ್ಗೆ ಜೂಲು ಒದ್ಸ್ದಂಗೆ ಅದಲ್ಲೇ," ಎಂದಳು. ನೀರು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕೂತು, ಮೊರಗಳನ್ನು ತೊಡೆಯ ಸುತ್ತ ಸೇರಿಸಿಕೊಂಡಳು, ಮರಿ ಕುರಿಗಳನ್ನು ಸೇರಿಸಿಕೊಳ್ಳುವ ಹಾಗೆ. ನಾನು ಹಿಂದೆ ಮಂಡಿಯೂರಿ, ಆಮೇಲೆ ನಿಂತೆ. ದಡದಲ್ಲಿ "ಓ" ಎಂಬ ದನಿ ಎದ್ದಿತು. ಸುಳ್ಳೇಕೆ, ಆ ದನಿ ನನಗೆ ಹಿಡಿಸಿತು. ಕುರಿ ಕಾಯುತ್ತಾ ಪುಸ್ತಕ ಹಿಡಿದರೆ ನಕ್ಕವರೂ ಆ ದಡದಲ್ಲಿದ್ದರು.

ಜಾಲಿ ಸಾಲಿನ ಮರೆಯಲ್ಲಿ ನೀರು ಸುಮ್ಮನಿತ್ತು. ಜಾಲಿ ಕಂಡಲ್ಲೆಲ್ಲ ದೂರಕ್ಕೆ ತಿರುಗಿಸಿಕೊಂಡೆ. ಮುಳ್ಳು ತಗುಲಿದರೆ ಹಲಗೆ ಮತ್ತೆ ಹಾಸಿಗೆ ಸುರುಳಿಯೇ. ಮರಗಳ ಸಾಲು ದಾಟಿ ಬಯಲು ನೀರಿಗೆ ಬಂದೆವು. ಮೂಡಲ ಗಾಳಿ ಅಲ್ಲಿ ಕಾಯುತ್ತಿತ್ತು.

ಬಾಳೆಯ ಎಲೆಗಳು ಪಟಪಟನೆ ಬಡಿದುಕೊಂಡವು. ಹಲಗೆ ನಿಂತಿತು. ನಾನು ಹುಟ್ಟು ಹಾಕುತ್ತಿದ್ದೇನೆ, ಜಾಲಿ ಮರಗಳು ಹಿಂದಕ್ಕೆ ಸರಿಯುವ ಬದಲು ಹತ್ತಿರ ಬರುತ್ತಿವೆ. ಇನ್ನೊಂದು ಬೀಸು. ಹಲಗೆ ಮೂತಿ ತಿರುಗಿಸಿ, ಚಿಕ್ಕಪ್ಪನ ಬಾಳೆಕಂದುಗಳನ್ನು ಹಾಯಿಯಂತೆ ಎತ್ತಿಕೊಂಡು, ನಮ್ಮನ್ನು ನೇರವಾಗಿ ದಡದ ಕಡೆಗೆ ಹೊತ್ತು ಹೊರಟಿತು.

ದಡದಿಂದ ದೊಡ್ಡಮ್ಮನ ದನಿ ನೀರಿನ ಮೇಲೆ ತೇಲಿ ಬಂತು. "ನೋಡ್ದ್ರಾ? ವಾಪಸ್ ಬತ್ತಾ ಅದೆ! ನಾನ್ ಏಳ್ನಿಲ್ವಾ?"

ಅವ್ವ ಹಿಂದಿರುಗಿ ನೋಡಿದಳು. ನಗುತ್ತಾ ತಡೆದುಕೊಂಡು ಬಂದವಳ ಮುಖ ಅದಾಗಿರಲಿಲ್ಲ. ಹೊಸ ಸೊಸೆಯೊಬ್ಬಳು ಒಗೆಯುವ ಕಲ್ಲಿನ ಹತ್ತಿರ ತನ್ನ ರವಿಕೆ ಕಣ ಕಂಡಾಗ ಇದ್ದಿರಬಹುದಾದ ಮುಖ. "ಮಗ," ಎಂದಳು, "ಇದೂ ಅಂಗೇ ಆಯ್ತದಾ?"

ನನಗೆ ಪಿ.ಟಿ. ಮಿಸ್ಸಿನ ಮಾತು ನೆನಪಾಯಿತು. ಮಂಡಿಯೂರಿ ಕೂತುಬಿಟ್ಟೆ. "ಗಂಗವ್ವ ಅಲ್ಲ ಅವ್ವ, ಗಾಳಿ. ಬಾಳೆ ಗಾಳಿ ಹಿಡೀತಾ ಇದೆ. ಕಿತ್ತಾಕು!"

"ಪೂಜೆ ಮಾಡಿದ್ದಲ್ಲೇ?"

"ಕಿತ್ತಾಕವ್ವ!"

ಅವ್ವ ಒಂದು ಕ್ಷಣ ಬಾಳೆಕಂದನ್ನು ನೋಡಿದಳು. ಆಮೇಲೆ ಕೈ ಹಾಕಿದಳು. ಹುರುಳಿ ಗಿಡ ಕಿತ್ತ ಕೈ ಅದು. ಒಂದು ಕಂದು ನೀರಿಗೆ ಬಿತ್ತು, ಇನ್ನೊಂದೂ ಬಿತ್ತು.

"ಅತ್ಗೇ! ಅತ್ಗೇ! ಬಾಳೆ ಕಂದು!" ಎಂದು ಚಿಕ್ಕಪ್ಪ ದಡದಲ್ಲಿ ಕುಣಿದಾಡಿದ.

"ನಿನ್ ಟ್ರಾಕ್ಟ್ರಿಗೆ ಕಟ್ಕ ಓಗ್ಲಾ!" ಎಂದು ಅವ್ವ ಕೂಗಿದಳು. ಅವ್ವ ಅಷ್ಟು ದೊಡ್ಡ ದನಿಯಲ್ಲಿ ಮೈದುನನಿಗೆ ಬೈದದ್ದನ್ನು ನಾನು ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲವೆಂದು ಕಾಣುತ್ತದೆ, ಕೂಗಿದ ಮೇಲೆ ಕಿಸಕ್ಕನೆ ನಕ್ಕಳು.

ಬಾಳೆ ಹೋದ ಮೇಲೆ ಹಲಗೆ ಮಾತು ಕೇಳಿತು. ಕೂತವರಿಗೆ ಗಾಳಿಯ ಹೊಡೆತ ಕಡಿಮೆ. ನಾನು ಮಂಡಿಯ ಮೇಲೇ ಇದ್ದು ಎಡಕ್ಕೆ ಅಷ್ಟು, ಬಲಕ್ಕೆ ಅಷ್ಟು ಹುಟ್ಟು ಹಾಕಿದೆ. ಚಳಿ ಎಲ್ಲಿ ಹೋಯಿತೋ, ಬೆನ್ನಿನಲ್ಲಿ ಬೆವರು. ಅವ್ವ ಮುಂದಿನಿಂದ, "ಇನ್ನೊಸಿ, ಇನ್ನೊಸಿ," ಎನ್ನುತ್ತಿದ್ದಳು, ಬಂಡಿ ದಿಬ್ಬ ಹತ್ತುವಾಗ ಎತ್ತುಗಳಿಗೆ ಹೇಳುವ ಹಾಗೆ.

ನಡುವೆ ಬಂದೆವು. ನೀರು ಹಸಿರಾಗಿತ್ತು. ಕೆಳಗೆ ಎಲ್ಲೋ ನನ್ನ ಬಂಡೆ. ನಾನು ನಿಲ್ಲಲಿಲ್ಲ, ಅಲ್ಲಿ ಮಂಡಿಯೂರಿ ಇರುವುದೇ ಸರಿ ಎನ್ನಿಸಿತು. ಅವ್ವ ಒಂದೊಂದೇ ಮೊರ ಎತ್ತಿ ಕೊಟ್ಟಳು, ನಾನು ಬಿಟ್ಟೆ. ಒಂದೊಂದೂ ಕೊಂಚ ತೇಲಿ, ಕಡ್ಡಿಗಳ ಸಂದಿನಿಂದ ನೀರು ಕುಡಿದು, ಓರೆಯಾಗಿ ಒಳಗಿಳಿಯಿತು. ಕೊನೆಯದೊಂದು ಉಳಿಯಿತು. ಅದು ನಮ್ಮ ಬೀದಿಯದು. ಅವ್ವ ಅದನ್ನು ಕೊಡದೆ ತೊಡೆಯ ಮೇಲೇ ಇಟ್ಟುಕೊಂಡಿದ್ದಳು.

"ಇದನ್ನ ನೀನೇ ಬುಡವ್ವ," ಎಂದೆ. ಊರಿನ ಮಾತು ಅಲ್ಲಿ ತಾನಾಗಿ ಬಾಯಿಗೆ ಬಂದಿತ್ತು.

ಅವಳು ದಡದ ಕಡೆ ನೋಡಿದಳು. ಬಣ್ಣಬಣ್ಣದ ಸೀರೆಗಳು ಚುಕ್ಕಿಗಳಾಗಿದ್ದವು. "ಅಲ್ಲಿಗೆ ಕಾಣ್ತದಾ?"

"ಕಾಣ್ತದೆ. ಅಡ್ಡ ಇದ್ದ ಬಾಳೆ ನೀನೇ ಕಿತ್ತಾಕ್ದೆ."

"ಕಾಣ್ಲಿ ಬುಡು," ಎಂದಳು. ಎರಡೂ ಕೈಯಲ್ಲಿ ಮೊರ ಎತ್ತಿ ನೀರಿಗಿಟ್ಟಳು.

ಅದು ಮುಳುಗಲಿಲ್ಲ. ಬಿಗಿಯಾಗಿ ದಾರ ಸುತ್ತಿದ್ದರೋ ಏನೋ, ಬೆನ್ನು ಮೇಲೆ ಮಾಡಿಕೊಂಡು ಆಮೆಯ ಹಾಗೆ ತೇಲಿತು. ಗಾಳಿ ಅದನ್ನು ಒಂದು ಸುತ್ತು ತಿರುಗಿಸಿ, ದಡದ ಕಡೆಗೆ ಮೆಲ್ಲಗೆ ನೂಕತೊಡಗಿತು. ಅವ್ವ ಅದನ್ನೇ ನೋಡುತ್ತಿದ್ದಳು. ನಾನು ಏನೋ ಸಮಾಧಾನ ಹೇಳಲು ಹೊರಟೆ. ಅವಳು ಹಿಂದಕ್ಕೆ ಕೈ ಚಾಚಿದಳು.

"ಅದ್ ಕೊಡಿಲ್ಲಿ."

"ಯಾವ್ದು?"

"ಆ ಉಟ್ಟು."

ಹುಟ್ಟು ಕೊಟ್ಟೆ. ಅವಳು ಅದರ ಅಗಲವಾದ ತುದಿಯನ್ನು ಮೊರದ ನೆತ್ತಿಯ ಮೇಲಿಟ್ಟು, ಮುದ್ದೆ ತೊಳಸುವಾಗ ಹಿಟ್ಟಿನ ಕೋಲನ್ನು ಒತ್ತುವ ಹಾಗೆ, ಕಚ್ಚಿದ ಹಲ್ಲಿನಲ್ಲಿ ಒತ್ತಿದಳು. ಗುಳುಗುಳು ಎಂದು ಗುಳ್ಳೆ ಬಂದವು. ಇನ್ನೊಮ್ಮೆ ಒತ್ತಿದಳು. ಮೊರ ಹೋಯಿತು. ಒಂದು ಚೆಂಡುಹೂವು ಮಾತ್ರ ಮೇಲೆ ಬಂದು ನಿಂತಿತು.

ಅವ್ವ ಹುಟ್ಟನ್ನು ಮೇಲೆತ್ತಿ ಅದರ ತುದಿಯಿಂದ ಕೊನೆಯವರೆಗೆ ನೋಡಿದಳು. "ಅವತ್ತು ನನ್ ಕೈಲಿ ಇಂಥದೊಂದು ಇರ್ನಿಲ್ಲ ಕಣೆ," ಎಂದಳು. ಇಬ್ಬರೂ ಎಷ್ಟು ನಕ್ಕೆವೆಂದರೆ ಹಲಗೆ ಅಲ್ಲಾಡಿತು.

ವಾಪಸ್ಸು ಬರುವಾಗ ಗಾಳಿಯೇ ಹೊತ್ತು ತಂದಿತು. ನಾನು ಎದ್ದು ನಿಂತೆ, ಹುಟ್ಟು ಹಾಕುವ ಕೆಲಸವೇ ಇರಲಿಲ್ಲ. ದೊಡ್ಡಮ್ಮ ನೀರಿನ ಅಂಚಿನವರೆಗೆ ಬಂದು ಕಾದಿದ್ದಳು.

"ಕೊನೇದು ಯಾರ್ ಬುಟ್ಟಿದ್ದು?"

"ನಾನೇ ಕಣಕ್ಕ," ಎಂದಳು ಅವ್ವ, ಲೈಫ್ ಜಾಕೆಟ್ಟಿನ ಪಟ್ಟಿ ಬಿಚ್ಚುತ್ತಾ. "ಇಸ್ಕಂಡ್ಲು."

"ಏನೋ ಉಟ್ಟಲ್ಲಿ ಕುಟ್ಟಿದಂಗಿತ್ತು?"

"ಊಂ. ಕದ ತಟ್ಟಿದ್ದು."

ದೊಡ್ಡಮ್ಮ ಬಟ್ಟೆ ಒಗೆಯುವ ಕಲ್ಲಿನ ಕಡೆ ನೋಡಿದಳು. ಅಲ್ಲಿಗೆ ಬಂದು ತಗುಲಿಕೊಂಡಿದ್ದವು ಚಿಕ್ಕಪ್ಪನ ಎರಡು ಬಾಳೆಕಂದು. ಅವನ್ನು ಗಂಗವ್ವ ಯಾಕೆ ಇಸಿದುಕೊಳ್ಳಲಿಲ್ಲ ಎಂಬುದರ ಬಗ್ಗೆ ಊರಿನಲ್ಲಿ ಈಗ ಬೇರೆ ಮಾತು ಶುರುವಾಗಿದೆ. ಚಿಕ್ಕಪ್ಪನಿಗೆ ಏರಿಯ ಮೇಲೆ ನಡೆಯುವುದೇ ಕಷ್ಟವಾಗಿದೆ. ಅವ್ವ ಮಾತ್ರ ಅವತ್ತು ಹೊಲಕ್ಕೆ ಏರಿಯ ಮೇಲೇ ಹೋದಳು. ಮುಳ್ಳೇನೂ ಇರಲಿಲ್ಲ.

ಆಮೇಲೆ ಮಾರ್ಗಶಿರ ಬಂತು, ಅವರೆಕಾಯಿ ಬಂತು. ಚಳಿಗಾಲದ ಹಲಗೆಯಾಟಕ್ಕೆ ನಮ್ಮದೇ ಕೆಲವು ಕಟ್ಟಳೆಗಳಾಗಿವೆ. ಬಿಸಿಲು ಬೀಳುವ ಮೊದಲು ನೀರಿಗಿಳಿಯಬಾರದು, ಗಾಳಿ ಏಳುವ ಮೊದಲು ಎದ್ದುಬರಬೇಕು. ಸ್ವೆಟರು ದಡದಲ್ಲೇ ಇರಬೇಕು. ಒದ್ದೆ ಉಣ್ಣೆ ಹೊತ್ತುಕೊಂಡರೆ ಏನಾಗುತ್ತದೆಂದು ಕುರಿಯವರ ಮನೆಯ ನನಗೆ ಯಾರೂ ಹೇಳಬೇಕಿಲ್ಲ. ಫ್ಲಾಸ್ಕಿನಲ್ಲಿ ಟೀ ಇರಬೇಕು. ಸಂಕ್ರಾಂತಿಗೆ ಅವ್ವ ಬಂದಾಗ ಕೂರಲು ಮುಂದೆ ಜಾಗವಿರಬೇಕು.

ತೊಣ್ಣೂರಿನ ತಿಳಿನೀರಿನ ಮೇಲೆ ಅವಳು ಟವೆಲ್ಲು ಸುತ್ತಿಕೊಂಡು ಮಹಾರಾಣಿಯ ಹಾಗೆ ಕೂರುತ್ತಾಳೆ. ಮೊನ್ನೆ ಹಾಗೆ ಕೂತಿದ್ದಾಗಲೇ, ನೀರು ಬೀಳದಂತೆ ಪ್ಲಾಸ್ಟಿಕ್ ಚೀಲದಲ್ಲಿ ಅವಳ ಕೊರಳಿಗೆ ನೇತುಹಾಕಿದ್ದ ಫೋನು ಬಡಿದುಕೊಂಡಿತು. ದೊಡ್ಡಮ್ಮ. ಊರ ಕೆರೆಯಲ್ಲಿ ಇನ್ನೂ ನೀರಿದೆಯಂತೆ, ಮಗಳು ಮತ್ತೆ ಹಲಗೆ ತರುತ್ತಾಳಾ, ತಂದರೆ ತನಗೂ ಒಂದು ಸುತ್ತು ಆಗುತ್ತದಾ ಎಂದು ಕೇಳಲು.

ಅವ್ವ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದಳು. "ಆಯ್ತದೆ ಬುಡಕ್ಕ, ಅದ್ಕೇನಂತೆ," ಎಂದಳು ಫೋನಿಗೆ. "ಆದ್ರೆ ನಿನ್ ಮಂಡಿ ನೋವು ಮೊದ್ಲು ವಾಸಿ ಮಾಡ್ಕ. ಇಲ್ಲಿ ಮಂಡಿ ಊರದೆ ಯಾರ್ನೂ ಅತ್ತಿಸ್ಕಳಲ್ಲ."